ಆರನೇ ಎಸಳೂ ತೆರೆಯಿತು!

ನಿನ್ನೆ ರಾತ್ರಿ ನನ್ನ 3ಡಿ ಪ್ರಿಂಟ್ ಸ್ಯಾಬೋ (ಸಣ್ಣ ಗುಂಡನ್ನು ದೊಡ್ಡ ನಳಿಕೆಯಲ್ಲಿ ಹಿಡಿದಿಟ್ಟು, ಹೊರಬಂದ ಮೇಲೆ ಬಿಚ್ಚಿಕೊಳ್ಳುವ ಬಟ್ಟಲು) ಮಾದರಿಯ ಆರೂ ಎಸಳು ಒಟ್ಟಿಗೆ ಬಿಚ್ಚಿಕೊಂಡವು. ಖುಷಿಗೆ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಹೊಸಬರಿಗೆ ಎರಡು ಮಾತು. ಅಮೆರಿಕದ ಬಂದೂಕು ಕಂಪನಿ ರೆಮಿಂಗ್ಟನ್ 1977ರಲ್ಲಿ ತಂದ ಆ್ಯಕ್ಸಿಲರೇಟರ್ ತೋಟಾದಲ್ಲಿ .30 ಕ್ಯಾಲಿಬರ್ (ಇಂಚಿನ ಲೆಕ್ಕದಲ್ಲಿ ಅಗಲ) ನಳಿಕೆಯಿಂದ .22ರ ಸಣ್ಣ ಗುಂಡು ಹಾರುತ್ತಿತ್ತು. ನಡುವಿನ ಸಂದು ತುಂಬುತ್ತಿದ್ದದ್ದು ಆರು ಎಸಳಿನ ಪ್ಲಾಸ್ಟಿಕ್ ಬಟ್ಟಲು. ಗ್ಯಾಸ್ ಒತ್ತುವ ತಳದ ವಿಸ್ತೀರ್ಣ ಬರೀ ಗುಂಡಿನ ತಳದ ಸುಮಾರು 1.9 ಪಟ್ಟು, ಗುಂಡಿನ ತೂಕ ಬರೀ 55 ಗ್ರೇನ್, ಅಂದರೆ ಮೂರೂವರೆ ಗ್ರಾಂ. ಅದಕ್ಕೇ ವೇಗ ಸೆಕೆಂಡಿಗೆ 4,000 ಅಡಿ ದಾಟುತ್ತಿತ್ತು. ನನ್ನದು ಅದರ ಹತ್ತು ಪಟ್ಟು ದೊಡ್ಡ ಆಟಿಕೆ. ಮದ್ದಿಲ್ಲ, ಸಿಡಿಯೋದಿಲ್ಲ. ಡ್ರಿಲ್ ತಿರುಗಿಸುತ್ತದೆ, ಬ್ಲೋವರ್ ಎದುರಿನಿಂದ ಗಾಳಿ ಊದುತ್ತದೆ, ಅಷ್ಟೇ.

ಕಾಟ ಕೊಟ್ಟದ್ದು ಒಂದೇ ಎಸಳು. ಐದು ಬಿಚ್ಚಿದ ಮೇಲೆ ಅದು ಸ್ವಲ್ಪ ತಡವಾಗಿ ಏಳುತ್ತಿತ್ತು. ಅಷ್ಟಕ್ಕೇ ಗುಂಡಿನ ಮೂತಿ ಓರೆಯಾಗುತ್ತಿತ್ತು. ಅಸಲಿ ಸ್ಯಾಬೋದ ಕಷ್ಟವೂ ಇದೇ ಅಲ್ವಾ? ತಳ್ಳುವುದು ಸುಲಭ, ಸಮನಾಗಿ ಕೈಬಿಡುವುದು ಕಷ್ಟ. ಆ್ಯಕ್ಸಿಲರೇಟರ್ ವೇಗಕ್ಕೆ ಹೆಸರಾಯಿತು, ಗುರಿಯ ವಿಷಯದಲ್ಲಿ ಎಲ್ಲರಿಗೂ ಹಿಡಿಸಲಿಲ್ಲ.

ಫಿಲಮೆಂಟ್ (ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ದಾರದ ಸುರುಳಿ) ಕಳಿಸಿದ ಅಂಗಡಿಯವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಪೊಟ್ಟಣ ಹರಿದಿತ್ತು, ತೇವ ಎಳೆಯುವ ಪುಡಿ ಇರಲಿಲ್ಲ. ತೇವಕ್ಕೆ ಪ್ರಿಂಟ್ ಮಾಡುವಾಗ ನಾಜಲ್‌ನಿಂದ ಚಟಪಟ ಸದ್ದು. ಬಳ್ಳಾರಿ ಬಿಸಿಲಿಗೆ ಮಾಳಿಗೆ ಮೇಲೆ ಹಪ್ಪಳವೇ ಒಣಗುತ್ತದೆ, ಆ ಸುರುಳಿ ಮಾತ್ರ ಒಣಗಲಿಲ್ಲ! ಬೇರೆ ಒಣ ಸುರುಳಿ ಹಾಕಿದರೂ ಅದೇ ಎಸಳು ಹಠ ಹಿಡಿಯಿತು.

ಬುಡವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಸಿಕ್ಕಿತು. ಪ್ರತಿ ಪದರ ಶುರುವಾಗಿ ಮುಗಿಯುವ ಜಾಗದ ಗಂಟು ಒಂದರ ಮೇಲೊಂದು ಕೂತು, ಆ ಎಸಳಿನ ಬುಡದಲ್ಲೇ ಸಣ್ಣ ದಿಂಡಾಗಿತ್ತು. ಉಗುರಿಗೆ ಮಾತ್ರ ತಾಗುವಷ್ಟು ಉಬ್ಬು. ಕೀಲು ಅಲ್ಲೇ ಬಿಗಿಯಾಗಿತ್ತು. ಹೆರೆದು ನೋಡಿದೆ, ಎಸಳು ಪದರದ ಗೆರೆಯಲ್ಲೇ ಮುರಿಯಿತು.

ಈಗ ಎಸಳುಗಳನ್ನು ಮಲಗಿಸಿ ಬೇರೆಬೇರೆಯಾಗಿ ಪ್ರಿಂಟ್ ಮಾಡಿದ್ದೇನೆ. ಕೀಲಿಗೆ ಬೆಂಗಳೂರು ರಸ್ತೆಯ ಸ್ಟೇಷನರಿ ಅಂಗಡಿಯ ಪಾಲಿಪ್ರೊಪಿಲೀನ್ ಫೈಲ್. ಒಂದೇ ಹಾಳೆಯಿಂದ ಒಂದೇ ಅಗಲದ ಆರು ಪಟ್ಟಿ. ಎಷ್ಟು ಮಡಚಿದರೂ ಸೀಳುವುದಿಲ್ಲ. ತಕ್ಕಡಿಯಲ್ಲಿ ಎಸಳುಗಳ ತೂಕವನ್ನೂ ಸರಿ ಮಾಡಿದೆ.

ಮುಂದೆ ಟ್ಯಾಂಕಿನ ಬಾಣ, ಅಂದರೆ ಸ್ಯಾಬೋದೊಳಗೆ ಕೂತು ಹಾರುವ ಉದ್ದ ತೆಳು ಗುಂಡು! ಟಿ-72ರ 125 ಮಿ.ಮೀ. ನಳಿಕೆ ಒಳಗೆ ನುಣುಪು. ಉದ್ದ ಬಾಣ ತಿರುಗಿ ನೆಟ್ಟಗೆ ಹೋಗುವುದಿಲ್ಲ, ಬಾಲದ ರೆಕ್ಕೆ ಬೇಕು. ನಮ್ಮ ಅರ್ಜುನ್‌ನ 120 ಮಿ.ಮೀ. ನಳಿಕೆಯಲ್ಲಿ ಗುಂಡನ್ನು ತಿರುಗಿಸುವ ಸುರುಳಿ ತೋಡುಗಳಿವೆ, ಅಲ್ಲಿ ಜಾರುವ ಪಟ್ಟಿ ಹಾಕಿ ತಿರುಗುವುದನ್ನು ತಗ್ಗಿಸುತ್ತಾರೆ. ಆ ಪಟ್ಟಿಯನ್ನೇ ಮಾಡಿ ತೋರಿಸಬೇಕು ಅಂತ ಆಸೆ. ಹೊಸಪೇಟೆ, ಕೊಪ್ಪಳ ಕಡೆ ಅಗಲದ ಅಕ್ರಿಲಿಕ್ ಪೈಪ್ ತುಂಡು ಮಾರುವವರು ಗೊತ್ತಿದ್ದರೆ ಹೇಳಿ. ಇಲ್ಲಿನ ಅಂಗಡಿಯವರು ಪೂರ್ತಿ ಉದ್ದವೇ ತಗೊಳ್ಳಿ ಅಂತಾರೆ.