‘ಎನ್ನಲಾಗಿದೆ’ ಅಂದ್ರೆ ಯಾರು ಅಂದದ್ದು?

ಒಂದು ಕನ್ನಡ ಸುದ್ದಿತಾಣದ ಕ್ರೀಡಾ ಡೆಸ್ಕಿನಲ್ಲಿ ನನ್ನ ಕೆಲಸ. ಕ್ರಿಕೆಟ್ ಬಿಟ್ಟು ಉಳಿದಿದ್ದೆಲ್ಲ ನನ್ನ ಪಾಲು, ಫಾರ್ಮುಲಾ ಒನ್ ಅನ್ನೋ ಕಾರ್ ರೇಸ್ ಕೂಡ. ರೇಸ್ ಇರುವ ಭಾನುವಾರಗಳಿಗಿಂತ ರೇಸ್ ಇಲ್ಲದ ವಾರಗಳಲ್ಲೇ ಕೆಲಸ ಜಾಸ್ತಿ. ಯಾವ ಡ್ರೈವರ್ ಯಾವ ತಂಡಕ್ಕೆ ಹೋಗ್ತಾನೆ, ಕಾರು ರೂಪಿಸುವ ಯಾವ ಡಿಸೈನರ್‌ಗೆ ಯಾರು ಗಾಳ ಹಾಕಿದ್ದಾರೆ, ಬರೀ ಇದೇ. ಇಂಗ್ಲಿಷಿನವರು ಸಿಲ್ಲಿ ಸೀಸನ್ ಅಂತಾರೆ. ನಮ್ಮ ಚೀಫ್ ಸಬ್, ಅಂದ್ರೆ ಮುಖ್ಯ ಉಪಸಂಪಾದಕರು, ಇದಕ್ಕೆ ‘ಹೆಣ್ಣು ನೋಡೋ ಸೀಸನ್’ ಅಂತ ಹೆಸರಿಟ್ಟಿದ್ದಾರೆ.

2024ರ ಸೆಪ್ಟೆಂಬರ್ 10ರಂದು ಅವರು ನನ್ನ ಮೇಜಿನ ಮೇಲೆ ಒಂದು ಪ್ರಿಂಟ್‌ಔಟ್ ಇಟ್ಟು ಹೋದರು. ಏನೂ ಮಾತಾಡಲಿಲ್ಲ. ಅದು ಅದೇ ವರ್ಷ ಮೇ ತಿಂಗಳಲ್ಲಿ ನಾನೇ ಬರೆದ ಸುದ್ದಿ. ಶೀರ್ಷಿಕೆ: ‘ಹ್ಯಾಮಿಲ್ಟನ್ ಬೆನ್ನಲ್ಲೇ ನ್ಯೂಯಿ: ಫೆರಾರಿಗೆ ಬಹುತೇಕ ಖಚಿತ’. ಆದರೆ ಈ ಸೆಪ್ಟೆಂಬರ್ 10ರಂದು ನನ್ನ ಕಂಪ್ಯೂಟರ್ ತೆರೆ ಮೇಲೆ ಇದ್ದದ್ದು ಬೇರೆ ಸುದ್ದಿ. ಏಡ್ರಿಯನ್ ನ್ಯೂಯಿ ಆಸ್ಟನ್ ಮಾರ್ಟಿನ್ ಸೇರ್ತಾರೆ, ತಂಡದಲ್ಲಿ ಪಾಲೂ ಪಡೀತಾರೆ ಅಂತ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ನ್ಯೂಯಿ ಅಂದ್ರೆ ಈ ಆಟದ ದೊಡ್ಡ ಡಿಸೈನರ್. ವಿಲಿಯಮ್ಸ್, ಮೆಕ್ಲಾರೆನ್, ರೆಡ್ ಬುಲ್, ಮೂರು ಕಡೆಯೂ ಅವರ ಕೈಯ ಕಾರುಗಳು ಚಾಂಪಿಯನ್ ಆಗಿವೆ. ಎಲ್ಲರೂ ಕಂಪ್ಯೂಟರ್ ಮುಂದೆ ಕೂತಿರುವ ಕಾಲದಲ್ಲಿ ಅವರು ಇನ್ನೂ ಡ್ರಾಯಿಂಗ್ ಬೋರ್ಡ್ ಮೇಲೆ ಪೆನ್ಸಿಲ್ ಹಿಡಿದು ಗೆರೆ ಎಳೀತಾರೆ. ಇಂಥವರಿಗೆ ತಂಡಗಳು ಮುಗಿಬೀಳೋಕೆ ಇನ್ನೊಂದು ಕಾರಣವೂ ಇದೆ. 2021ರಿಂದ ತಂಡಗಳ ಖರ್ಚಿಗೆ ಮಿತಿ ಬಂದಿದೆ. ಆದರೆ ಡ್ರೈವರ್‌ಗಳ ಸಂಬಳ ಮತ್ತು ತಂಡದಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಮೂವರ ಸಂಬಳ ಆ ಲೆಕ್ಕಕ್ಕೆ ಬರೋದಿಲ್ಲ. ಕಾರಿನ ರೆಕ್ಕೆಗೆ, ಚೌಕಟ್ಟಿಗೆ ಎಣಿಸಿ ಎಣಿಸಿ ಖರ್ಚು ಮಾಡಬೇಕು. ನ್ಯೂಯಿಯಂಥವರಿಗೆ ಎಷ್ಟು ಬೇಕಾದರೂ ಕೊಡಬಹುದು. ಅದಕ್ಕೇ ಗಾಳಿಸುದ್ದಿ ಯಾವಾಗಲೂ ಈ ನಾಲ್ಕೈದು ಜನರ ಸುತ್ತಲೇ ಸುತ್ತೋದು.

ನಾನು ಆ ‘ಬಹುತೇಕ ಖಚಿತ’ ಬರೆದದ್ದು ಯಾಕೆ? ಅದಕ್ಕೆ ಮೂರು ತಿಂಗಳು ಹಿಂದಕ್ಕೆ ಹೋಗಬೇಕು.

ಫೆಬ್ರವರಿ 1, ಗುರುವಾರ. ಪಕ್ಕದ ಕ್ರಿಕೆಟ್ ಡೆಸ್ಕಿನ ಹುಡುಗ ಫೋನ್ ಹಿಡಿದು ಓಡಿ ಬಂದ. ‘ಹ್ಯಾಮಿಲ್ಟನ್ ಫೆರಾರಿಗಂತೆ!’ ನಾನು ತಲೆಯನ್ನೂ ಎತ್ತಲಿಲ್ಲ. ‘ಸುಮ್ನಿರೋ. ಹೋದ ಆಗಸ್ಟ್‌ನಲ್ಲಿ ತನ್ನ ಈಗಿನ ತಂಡ ಮರ್ಸಿಡಿಸ್ ಜೊತೆ ಎರಡು ವರ್ಷಕ್ಕೆ ಸಹಿ ಹಾಕಿದ್ದಾನೆ. ಆ ಸುದ್ದಿ ಹಾಕಿದ್ದೂ ನಾನೇ’ ಅಂದೆ. ಒಂದು ಗಂಟೆ ಆಯ್ತು, ಎರಡು ಆಯ್ತು. ಎಲ್ಲರ ಹತ್ತಿರವೂ ಸುದ್ದಿ ಇದೆ, ನಮ್ಮಲ್ಲಿಲ್ಲ. ನಾನು ಅಧಿಕೃತ ಹೇಳಿಕೆಗೆ ಕಾಯ್ತಾ ಕೂತಿದ್ದೆ. ರಾತ್ರಿ ಅದೂ ಬಂತು. ಫೆರಾರಿಯವರದ್ದು ಒಂದೇ ಒಂದು ವಾಕ್ಯ: 2025ಕ್ಕೆ ಲೂಯಿಸ್ ಹ್ಯಾಮಿಲ್ಟನ್ ನಮ್ಮ ತಂಡ ಸೇರ್ತಾರೆ, ಕರಾರು ಹಲವು ವರ್ಷಗಳದ್ದು. ಮರ್ಸಿಡಿಸ್ ಹೇಳಿಕೆಯಲ್ಲಿ ನಾನು ತಪ್ಪು ತಿಳಿದದ್ದೇನು ಅಂತಲೂ ಇತ್ತು. ಆಗಸ್ಟ್‌ನ ಕರಾರಿನಲ್ಲೇ ಮೊದಲೇ ಬಿಟ್ಟುಹೋಗುವ ಅವಕಾಶ ಇತ್ತು, ಅವನು ಅದನ್ನು ಬಳಸಿಕೊಂಡಿದ್ದ. ಎರಡು ವರ್ಷ ಅಂತ ಶೀರ್ಷಿಕೆ ಕೊಟ್ಟ ನಾನು ಕರಾರಿನ ಒಳಗೆ ಏನಿರಬಹುದು ಅಂತ ಯೋಚನೆಯನ್ನೇ ಮಾಡಿರಲಿಲ್ಲ.

ಇನ್ನೂ ನಾಚಿಕೆಯ ವಿಷಯ ಅಂದ್ರೆ, ಸುಳಿವು ನನ್ನ ಕಣ್ಣೆದುರೇ ಇತ್ತು. ಒಂದು ವಾರ ಹಿಂದೆ ಫೆರಾರಿ ತನ್ನ ಇಬ್ಬರು ಡ್ರೈವರ್‌ಗಳಲ್ಲಿ ಒಬ್ಬನಾದ ಲೆಕ್ಲೆರ್ ಕರಾರನ್ನು ಮುಂದುವರಿಸಿತ್ತು. ಆ ಸುದ್ದಿಯನ್ನೂ ನಾನೇ ಹಾಕಿದ್ದೆ. ಇನ್ನೊಬ್ಬ ಡ್ರೈವರ್ ಸೈನ್ಸ್ ಬಗ್ಗೆ ಒಂದು ಸೊಲ್ಲೂ ಇರಲಿಲ್ಲ. ಅವನ ಕರಾರು ಮುಗಿಯೋದು ಅದೇ ವರ್ಷದ ಕೊನೆಗೆ. ಪಂಕ್ತಿಯಲ್ಲಿ ಒಂದು ಎಲೆ ಹಾಕಿ ಪಕ್ಕದ ಎಲೆ ಹಾಕದೆ ಬಿಟ್ಟರೆ ಏನರ್ಥ? ಬೇರೆ ಯಾರೋ ಬರ್ತಾರೆ ಅಂತ ತಾನೆ.

ಸರಿ, ಫೆಬ್ರವರಿಯಲ್ಲಿ ನಾನು ಅಷ್ಟೊಂದು ಹಿಂಜರಿದದ್ದು ಯಾಕೆ? ಅದಕ್ಕೂ ಒಂದು ಹಳೇ ಗಾಯ ಇದೆ.

2022ರ ಆಗಸ್ಟ್ 2. ಅದರ ಹಿಂದಿನ ದಿನವಷ್ಟೇ ಆಲ್ಪೀನ್ ತಂಡದ ಡ್ರೈವರ್ ಅಲೋನ್ಸೋ ಆಸ್ಟನ್ ಮಾರ್ಟಿನ್‌ಗೆ ಹೋಗೋದಾಗಿ ಪ್ರಕಟವಾಗಿ ಆಲ್ಪೀನ್‌ನಲ್ಲಿ ಜಾಗ ಖಾಲಿಯಾಗಿತ್ತು. ಆಲ್ಪೀನ್‌ನವರು ಆಸ್ಕರ್ ಪಿಯಾಸ್ಟ್ರಿ ನಮ್ಮ ಡ್ರೈವರ್ ಅಂತ ಅಧಿಕೃತವಾಗಿ ಪ್ರಕಟಿಸಿದರು. ಗಾಳಿಸುದ್ದಿ ಅಲ್ಲ, ಮೂಲಗಳಲ್ಲ, ತಂಡದ್ದೇ ಹೇಳಿಕೆ. ನೆಮ್ಮದಿಯಿಂದ ಹಾಕಿ ಮನೆಗೆ ಹೋದೆ. ಊಟಕ್ಕೆ ಕೂತಾಗ ಫೋನ್ ಬಂತು. ಪಿಯಾಸ್ಟ್ರಿ ಟ್ವೀಟ್ ಮಾಡಿದ್ದ: ನನ್ನ ಒಪ್ಪಿಗೆ ಇಲ್ಲದೆ ಪ್ರಕಟಿಸಿದ್ದಾರೆ, ನಾನು ಸಹಿ ಹಾಕಿಲ್ಲ, ಮುಂದಿನ ವರ್ಷ ಅಲ್ಲಿ ಓಡಿಸೋದಿಲ್ಲ. ಮದುವೆ ಕಾರ್ಡ್ ಹಂಚಿದ ಮೇಲೆ ವರನೇ ಬಂದು ‘ನನ್ನನ್ನು ಯಾರೂ ಕೇಳಲೇ ಇಲ್ಲ’ ಅಂದ ಹಾಗಾಯ್ತು. ಕರಾರು ಪರಿಶೀಲಿಸುವ ಮಂಡಳಿ ಸೆಪ್ಟೆಂಬರ್ 2ರಂದು ಅವನ ಸಹಿ ಮೆಕ್ಲಾರೆನ್ ಜೊತೆಗಿದೆ ಅಂತ ತೀರ್ಪು ಕೊಟ್ಟಿತು.

ಆಮೇಲೆ ಆಲ್ಪೀನ್ ಹೇಳಿಕೆಯನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿ ತಂಡದ ಮುಖ್ಯಸ್ಥರ ಮಾತಿತ್ತು. ಪಿಯಾಸ್ಟ್ರಿಯ ಒಂದು ಮಾತೂ ಇರಲಿಲ್ಲ. ಹೊಸ ಡ್ರೈವರ್ ಬಂದ ಅಂದ್ರೆ ‘ತುಂಬ ಖುಷಿಯಾಗಿದೆ, ಕನಸು ನನಸಾಯ್ತು’ ಅನ್ನೋ ಎರಡು ಸಾಲು ಇದ್ದೇ ಇರತ್ತೆ. ಓದುಗರಿಗೆ ಬೇಜಾರು ಅಂತ ಆ ಸಾಲುಗಳನ್ನು ದಿನಾ ಕತ್ತರಿಸಿ ಎಸೆಯೋನು ನಾನು. ಅವತ್ತು ಕತ್ತರಿಸೋಕೆ ಅಲ್ಲಿ ಏನೂ ಇಲ್ಲ ಅನ್ನೋದು ನನಗೆ ಹೊಳೆಯಲೇ ಇಲ್ಲ.

ಹೀಗೆ 2022ರಲ್ಲಿ ಅವಸರಪಟ್ಟು ಸುಟ್ಟುಕೊಂಡೆ, ಆ ಭಯಕ್ಕೆ 2024ರ ಫೆಬ್ರವರಿಯಲ್ಲಿ ಕಾದು ಹಿಂದೆ ಬಿದ್ದೆ, ಹಿಂದೆ ಬಿದ್ದ ಅವಮಾನಕ್ಕೆ ಮೇ ತಿಂಗಳಲ್ಲಿ ಮತ್ತೆ ಅವಸರಪಟ್ಟೆ. ಮೇ 1ರಂದು ರೆಡ್ ಬುಲ್, ನ್ಯೂಯಿ 2025ರ ಮೊದಲ ಮೂರು ತಿಂಗಳಲ್ಲಿ ತಂಡ ಬಿಡ್ತಾರೆ ಅಂತ ಹೇಳಿತು. ಎಲ್ಲಿಗೆ ಅಂತ ಯಾರೂ ಹೇಳಲಿಲ್ಲ. ಇಟಲಿಯ ಪತ್ರಿಕೆಗಳು ಫೆರಾರಿ ಅಂದವು. ಹ್ಯಾಮಿಲ್ಟನ್ ಅಲ್ಲಿಗೆ ಹೋಗ್ತಿದ್ದಾನೆ, ಇವರೂ ಹೋಗ್ತಾರೆ, ಕತೆ ಎಷ್ಟು ಚೆನ್ನಾಗಿ ಕೂತ್ಕೊಳ್ಳತ್ತೆ ಅಲ್ವಾ? ಇಂಗ್ಲೆಂಡಿನಲ್ಲೇ ಬೇರು ಬಿಟ್ಟ ಮನುಷ್ಯ, 2014ರಲ್ಲಿ ಫೆರಾರಿ ಕರೆದಾಗಲೂ ಹೋಗಿರಲಿಲ್ಲ ಅನ್ನೋದು ನನಗೆ ಗೊತ್ತಿತ್ತು. ಆದರೆ ಅದನ್ನು ಬರೆದರೆ ಕತೆ ಕೆಡ್ತಿತ್ತು. ಬರೆಯಲಿಲ್ಲ.

ಆ ಪ್ರಿಂಟ್‌ಔಟ್‌ಗೆ ಮರಳೋಣ. ಅದರ ತುಂಬ ಕೆಂಪು ಪೆನ್ನಿನ ಸುತ್ತು. ಇನ್ನೂರು ಪದಗಳ ಸುದ್ದಿಯಲ್ಲಿ ‘ಎನ್ನಲಾಗಿದೆ’ ಐದು ಸಲ, ‘ಮೂಲಗಳು ತಿಳಿಸಿವೆ’ ಎರಡು ಸಲ. ಪಕ್ಕದಲ್ಲಿ ಒಂದೇ ಪ್ರಶ್ನೆ: ‘ಯಾರು?’ ನಮ್ಮ ಚೀಫ್ ಸಬ್ ಮಂಗಳೂರು ಕಡೆಯವರು. ಸಂಜೆ ಚಹಾಕ್ಕೆ ಕೂತಾಗ ಕೇಳಿದರು, ‘ಎನ್ನಲಾಗಿದೆ ಅಂದ್ರೆ ಯಾರು ಅಂದದ್ದು ಮಾರಾಯ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಇಂಗ್ಲಿಷ್ ಸುದ್ದಿ ನೋಡಿ ಬರೆದಿದ್ದೆ. ಆ ಸುದ್ದಿ ಇಟಲಿಯ ಪತ್ರಿಕೆ ನೋಡಿ ಬರೆದದ್ದು. ಇಟಲಿಯ ಪತ್ರಿಕೆ ಯಾರನ್ನು ನೋಡಿತ್ತೋ. ಇಂಗ್ಲಿಷಿನಲ್ಲಿ ಕನಿಷ್ಠ ಇಂಥ ಪತ್ರಿಕೆ ಹೇಳ್ತಿದೆ ಅಂತ ಹೆಸರು ಇತ್ತು. ಕನ್ನಡಕ್ಕೆ ತರುವಾಗ ನಾನು ಆ ಹೆಸರು ಕಿತ್ತು ‘ಎನ್ನಲಾಗಿದೆ’ ಅಂಟಿಸಿದ್ದೆ. ಈ ಕ್ರಿಯಾಪದಕ್ಕೆ ಕರ್ತೃವೇ ಬೇಡ. ಯಾರೂ ಹೇಳದಿದ್ದರೂ ‘ಎನ್ನಲಾಗಿದೆ’ ಅಂತ ಬರೀಬಹುದು, ವ್ಯಾಕರಣ ತಪ್ಪಾಗೋದಿಲ್ಲ. ನಮ್ಮ ಡೆಸ್ಕಿನಲ್ಲಿ ಇದರಷ್ಟು ಸುಖವಾದ ಪದ ಇನ್ನೊಂದಿಲ್ಲ ಬಿಡಿ.

ಆಮೇಲೆ ಅವರು ತಮ್ಮ ಹೆಣ್ಣು ನೋಡೋ ಲೆಕ್ಕ ಹೇಳಿದರು. ಜಾತಕ ಕೇಳಿದ್ದು ಬೇರೆ. ಮನೆಗೆ ಬಂದು ಉಪ್ಪಿಟ್ಟು ಕೇಸರಿಬಾತ್ ತಿಂದು ಹೋದದ್ದು ಬೇರೆ. ನಿಶ್ಚಿತಾರ್ಥ ಬೇರೆ, ತಾಳಿ ಬೇರೆ. ‘ನೀನು ಜಾತಕ ಕೇಳಿದ್ದಕ್ಕೇ ಛತ್ರ ಬುಕ್ ಮಾಡ್ತೀಯಲ್ಲ.’ ಅವರಿಗೂ ಇದೇ ನ್ಯೂಯಿ ಒಂದು ಪಾಠ ಕಲಿಸಿದ್ದಾರಂತೆ. 2001ರ ಜೂನ್‌ನಲ್ಲಿ ಜಾಗ್ವಾರ್ ತಂಡ ನ್ಯೂಯಿ ನಮ್ಮಲ್ಲಿಗೆ ಬರ್ತಾರೆ ಅಂತ ಪ್ರಕಟಿಸಿತು. ಅದೇ ದಿನ ಮೆಕ್ಲಾರೆನ್ ಇಲ್ಲ ಅಂತು. ನ್ಯೂಯಿ ಮೆಕ್ಲಾರೆನ್‌ನಲ್ಲೇ ಉಳಿದರು. ‘ನಮಗೆ ಆಗ ಸುದ್ದಿ ತಿದ್ದಲಿಕ್ಕೂ ಆಗ್ತಿರಲಿಲ್ಲ, ಪೇಪರ್ ಪ್ರಿಂಟಿಗೆ ಹೋಗಿ ಆಗಿತ್ತು’ ಅಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಸ್ವಲ್ಪ ಖುಷಿಯೇ ಇತ್ತು.

ಡಿಸೈನರ್ ಸುದ್ದಿಯಲ್ಲಿ ಇನ್ನೊಂದು ತೊಡಕಿದೆ. ಡ್ರೈವರ್ ಆದರೆ ಡಿಸೆಂಬರ್‌ನಲ್ಲಿ ಇಲ್ಲಿ ಇಳಿದು ಮುಂದಿನ ಸೀಸನ್‌ಗೆ ಅಲ್ಲಿ ಹತ್ತುತ್ತಾನೆ. ಡಿಸೈನರ್ ಹಾಗಲ್ಲ. ತಲೆಯಲ್ಲಿ ಹಳೇ ತಂಡದ ಮುಂದಿನ ಕಾರಿನ ಗುಟ್ಟೆಲ್ಲ ಇರತ್ತೆ. ಅದಕ್ಕೆ ಸಂಬಳ ಕೊಟ್ಟು, ಕೆಲಸ ಕೊಡದೆ, ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸ್ತಾರೆ. ಗಾರ್ಡನಿಂಗ್ ಲೀವ್ ಅಂತಾರೆ. ಡ್ಯಾನ್ ಫಾಲೋಸ್ ಅನ್ನೋ ಡಿಸೈನರ್ ರೆಡ್ ಬುಲ್ ಬಿಟ್ಟು ಆಸ್ಟನ್ ಮಾರ್ಟಿನ್‌ಗೆ ಹೋಗ್ತಾರೆ ಅಂತ ಪ್ರಕಟವಾದದ್ದು 2021ರ ಜೂನ್‌ನಲ್ಲಿ. ಕೆಲಸಕ್ಕೆ ಹೋದದ್ದು 2022ರ ಏಪ್ರಿಲ್‌ನಲ್ಲಿ. ಆಗ ಹೊಸಬನಾಗಿದ್ದ ನಾನು ಇದನ್ನು ‘ತೋಟಗಾರಿಕೆ ರಜೆ’ ಅಂತ ಅನುವಾದ ಮಾಡಿ ಹಾಕಿಬಿಟ್ಟೆ. ಕೃಷಿ ವಿಭಾಗದವರು ಒಂದು ವಾರ ‘ಅಡಿಕೆ ತೋಟಾನಾ, ತೆಂಗಿನ ತೋಟಾನಾ?’ ಅಂತ ಕೇಳಿದರು. ಈಗ ಸುಮ್ನೆ ‘ಸಂಬಳ ಸಹಿತ ಮನೆಯಲ್ಲಿರುವ ಅವಧಿ’ ಅಂತ ಬರೀತೀನಿ. ಬೆಂಗಳೂರಿನಲ್ಲಿ ಮೂರು ತಿಂಗಳ ನೋಟಿಸ್ ಪೀರಿಯಡ್ ಗೊತ್ತಿರುವವರಿಗೆ ಬಿಡಿಸಿ ಹೇಳೋದೇ ಬೇಡ.

ಆ ಸೆಪ್ಟೆಂಬರ್ ನಂತರ ನನ್ನ ಮಾನಿಟರ್ ಅಂಚಿಗೆ ಒಂದು ಹಳದಿ ಚೀಟಿ ಅಂಟಿದೆ. ಅದರಲ್ಲಿ ಇರೋದು ಎರಡೇ ಪ್ರಶ್ನೆ: ಯಾರು ಹೇಳಿದ್ದು? ಹೇಳಿದವರಿಗೇನು ಲಾಭ? ಎರಡನೆಯದು ನಾನು ಸೇರಿಸಿದ್ದು. ಹೋಗಲಿರುವ ಡ್ರೈವರ್ ಕಡೆಯವರು ಸುದ್ದಿ ಬಿಟ್ಟರೆ ಈಗಿನ ತಂಡದಲ್ಲಿ ಅವನ ಬೆಲೆ ಏರತ್ತೆ. ತಂಡದವರು ಬಿಟ್ಟರೆ ಈಗಿರುವ ಡ್ರೈವರ್ ಕಡಿಮೆ ದುಡ್ಡಿಗೆ ಒಪ್ಪಬಹುದು. ಸುದ್ದಿ ಸುಳ್ಳೇ ಆಗಬೇಕು ಅಂತಿಲ್ಲ, ಬಿಟ್ಟವರಿಗೆ ಒಂದು ಕೆಲಸ ಆಗಬೇಕಿರತ್ತೆ ಅಷ್ಟೆ.

ಚೀಟಿ ನಿಜವಾಗಿ ಉಪಯೋಗಕ್ಕೆ ಬಂದದ್ದು 2025ರ ಜೂನ್‌ನಲ್ಲಿ. ರೆಡ್ ಬುಲ್ ಡ್ರೈವರ್ ವರ್ಸ್ಟಾಪನ್ ಮರ್ಸಿಡಿಸ್‌ಗೆ ಹೋಗ್ತಾನೆ ಅನ್ನೋ ಗುಲ್ಲು. ಹೊಸದಾಗಿ ಸೇರಿದ ಟ್ರೈನಿ ಹುಡುಗಿ ಕಾಪಿ ತಂದಳು. ‘ಮರ್ಸಿಡಿಸ್ ಮಾತುಕತೆ ನಡೆಸುತ್ತಿದೆ ಎನ್ನಲಾಗಿದೆ.’ ಯಾರಮ್ಮ ಹೇಳಿದ್ದು ಅಂದೆ. ಹುಡುಕಿ ಬಂದಳು. ‘ಸರ್, ಜಾರ್ಜ್ ರಸೆಲ್ ಹೇಳಿದ್ದು, ಆಸ್ಟ್ರಿಯಾದಲ್ಲಿ.’ ರಸೆಲ್ ಅಂದ್ರೆ ಮರ್ಸಿಡಿಸ್‌ನ ಡ್ರೈವರ್, ಮುಂದಿನ ವರ್ಷದ ಕರಾರು ಇನ್ನೂ ಆಗಿಲ್ಲದವನು. ‘ಹಾಗಾದ್ರೆ ಇದೇ ಸುದ್ದಿ ಸರ್!’ ಅಂತ ಅವಳೇ ಅಂದಳು. ಶೀರ್ಷಿಕೆಯನ್ನೂ ಅವಳೇ ಬದಲಾಯಿಸಿದಳು: ‘ವರ್ಸ್ಟಾಪನ್ ಜೊತೆ ಮಾತುಕತೆ: ಕರಾರಿಗೆ ಕಾಯುತ್ತಿರುವ ರಸೆಲ್ ಹೇಳಿಕೆ’. ಮೊದಲಿನದ್ದಕ್ಕಿಂತ ಇದೇ ಜಾಸ್ತಿ ಓದಿಸಿಕೊಂಡಿತು. ನನಗೂ ಆಶ್ಚರ್ಯ.

ಜುಲೈ 31ರಂದು ಹಂಗೆರಿಯಲ್ಲಿ ವರ್ಸ್ಟಾಪನ್ ತಾನೇ ಮಾತಾಡಿದ. ಮುಂದಿನ ವರ್ಷವೂ ರೆಡ್ ಬುಲ್‌ನಲ್ಲೇ ಇರ್ತೀನಿ ಅಂದ. ಅವಳು ಟೈಪ್ ಮಾಡ್ತಾ ಕೇಳಿದಳು, ‘ಸರ್, ಈಗ ಖಚಿತ ಅಂತ ಹಾಕಬಹುದಾ?’

‘ಅವನೇ ಹೇಳಿದ್ದಾನಲ್ಲ, ಹಾಕು’ ಅಂದೆ. ಎದ್ದು ಎರಡು ಹೆಜ್ಜೆ ಹೋದವನು ವಾಪಸ್ ಬಂದೆ. ‘2026ಕ್ಕೆ ಅಂತ ಸೇರಿಸು.’