ಹುಬ್ಬಳ್ಳಿಯ ಬ್ಯಾಸಗಿಯಲ್ಲಿ ಆಕ್ಸೊಲಾಟ್ಲ್

"ಅಣ್ಣಾರ, ಸಾಲಮ್ಯಾಂಡರ್ ಊಟ ಬಿಟ್ಟೈತ್ರಿ, ಮ್ಯಾಲ ತೇಲಾಕತ್ತೈತ್ರಿ." ಏಪ್ರಿಲ್ ಬಂತೆಂದರೆ ನಮ್ಮ ಅಕ್ವೇರಿಯಂ ಅಂಗಡಿಗೆ ಇಂಥ ಫೋನ್ ಬಂದೇ ಬರುತ್ತದೆ. ಸಾಲಮ್ಯಾಂಡರ್ ಎಂದು ಅವರು ಹೇಳುವುದು ಆಕ್ಸೊಲಾಟ್ಲ್‌ಗೆ, ನೀರಿನಲ್ಲೇ ಬದುಕುವ ಒಂದು ಬಗೆಯ ಸಾಲಮ್ಯಾಂಡರ್ ಅದು. ಹೀಗೆ ಫೋನ್ ಮಾಡಿದ ವಿದ್ಯಾನಗರದ ಒಂದು ಮನೆಯ ಟ್ಯಾಂಕಿನಲ್ಲಿ ನೀರು 29 ಡಿಗ್ರಿ ಇತ್ತು. ಕಿವಿರಿನ ಗರಿ ಮುಂದಕ್ಕೆ ಬಾಗಿ, ಬಾಲದ ತುದಿ ಕೊಕ್ಕೆಯಾಗಿತ್ತು. ಗಾಬರಿಯಾದ ಮನೆಯವರು ಐಸ್ ತುಂಡುಗಳನ್ನೇ ಟ್ಯಾಂಕಿಗೆ ಸುರಿಯಲು ನಿಂತಿದ್ದರು. ಬ್ಯಾಡ್ರಿ, ತಾಸಿಗೆ ಒಂದೆರಡು ಡಿಗ್ರಿ ಇಳಿದರೆ ಸಾಕು ಎಂದು ಫೋನಿನಲ್ಲೇ ಅವರನ್ನು ತಡೆಯಬೇಕಾಯಿತು. ತಟ್ಟನೆ ತಂಪಾದರೆ ಬಿಸಿಯಲ್ಲಿ ಬಳಲಿದ ಜೀವಕ್ಕೆ ಇನ್ನೊಂದು ಪೆಟ್ಟು. ನಳದ ನೀರಿನ ಐಸಾದರೆ ಕ್ಲೋರಿನ್ ಬೇರೆ.

ಮೆಕ್ಸಿಕೊ ನಗರದ ಅಂಚಿನಲ್ಲಿ, ಎರಡು ಸಾವಿರ ಮೀಟರಿಗೂ ಎತ್ತರದ ಸೊಚಿಮಿಲ್ಕೊ ಕೆರೆಯ ಪ್ರಾಣಿ ಇದು. 16ರಿಂದ 18 ಡಿಗ್ರಿ ಇದಕ್ಕೆ ಹಿತ, 20ರವರೆಗೆ ನಡೆಯುತ್ತದೆ, 24 ದಾಟಿದರೆ ಆಪತ್ತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಪ್ರಾಣಿಯ ಹೊಲಸಿನಿಂದ ಹುಟ್ಟುವ ಅಮೋನಿಯಾದ ವಿಷ ಜಾಸ್ತಿ.

ತುರ್ತಿಗೆ ಒಂದು ಲೀಟರಿನ ಬಾಟ್ಲಿಯಲ್ಲಿ ನೀರು ಗಟ್ಟಿಯಾಗಿಸಿ, ಮುಚ್ಚಳ ಬಿಗಿದು ತೇಲಿಬಿಡಿ. 80 ಲೀಟರ್ ನೀರಿದ್ದರೆ ಒಂದು ಬಾಟ್ಲಿ ಕರಗಿದಾಗ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಆದರೆ ದಿನವಿಡೀ ಬಾಟ್ಲಿ ಬದಲಿಸುತ್ತ ಕೂತರೆ ತಾಪಮಾನ ಏರಿಳಿದು ಪ್ರಾಣಿ ಇನ್ನಷ್ಟು ಸೊರಗುತ್ತದೆ. ಅದರ ಬದಲು ಟ್ಯಾಂಕಿನ ಗಾಜಿನ ಮುಚ್ಚಳ ತೆಗೆದು ಜಾಳಿಗೆ ಹಾಕಿ, 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಕೂಡಿಸಿ. ನಮ್ಮ ಕಡೆಯ ಮಾರ್ಚ್-ಏಪ್ರಿಲ್‌ನ ಒಣ ಹವೆಗೆ ಇದು ಎರಡರಿಂದ ನಾಲ್ಕು ಡಿಗ್ರಿ ಇಳಿಸುತ್ತದೆ. ಮಳೆಗಾಲದ ತೇವಕ್ಕೆ ಅಷ್ಟು ಎಳೆಯುವುದಿಲ್ಲ. ಎಸಿ ಕೋಣೆಯೋ, ಟ್ಯಾಂಕಿನ ನೀರು ತಂಪಾಗಿಸುವ ಚಿಲ್ಲರೋ ಇಲ್ಲದೆ ಬರೀ ಫ್ಯಾನಿನಿಂದ ಏಪ್ರಿಲ್ ದಾಟದು.

ಫ್ಯಾನ್ ಹಾಕಿದ ಮನೆಗಳಲ್ಲಿ ಎಡವುವುದು ನೀರು ತುಂಬುವಾಗ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಬೋರಿನ ನೀರನ್ನೇ ಸುರಿಯುತ್ತ ಹೋದರೆ ಗಾಜಿಗೆ ಬಿಳಿ ಪಟ್ಟೆ ಕಟ್ಟಿ, ವಾರದಿಂದ ವಾರಕ್ಕೆ ಗಡಸುತನ ಏರುತ್ತದೆ. ಇಳಿದ ಮಟ್ಟ ತುಂಬಲು ಆರ್‌ಒ ನೀರು ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವಾಗ ಮಾತ್ರ ಆಂಟಿ-ಕ್ಲೋರಿನ್ ಹಾಕಿದ ನಳದ ನೀರು. ಆಂಟಿ-ಕ್ಲೋರಿನ್‌ನಲ್ಲಿ ಅಲೋವೆರಾ ಇರಬಾರದು, ಲೇಬಲ್ ಓದಿ.

ಸ್ಪಾಂಜ್ ಫಿಲ್ಟರ್ ಸಾಕು, ಹರಿವು ಮೆಲ್ಲಗಿರಲಿ. ಹೊಸ ಟ್ಯಾಂಕ್ ಸೈಕಲ್ ಆಗಲು, ಅಂದರೆ ಅಮೋನಿಯಾವನ್ನೂ ಅದರಿಂದಾಗುವ ನೈಟ್ರೈಟನ್ನೂ ಕಳೆಯುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು, ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಾರದೆ ಪ್ರಾಣಿ ಬಿಡಬೇಡಿ. ಕರೆಂಟ್ ಹೋದಾಗ ಏರ್ ಪಂಪಿಗೆ ಬ್ಯಾಟರಿ ಇರಲೇಬೇಕು.

ನಮ್ಮ ಅಕ್ವೇರಿಯಂ ವ್ಯಾಪಾರದ ಲೈನಿನ ಮೇಲೆ ನನಗಿರುವ ಸಿಟ್ಟು ಕಾಂಬೋ ಪ್ಯಾಕಿನದು. ಸಣ್ಣ ಬೌಲ್, ಬಣ್ಣದ ಹರಳು, ಜೊತೆಗೊಂದು ಮರಿ. ಆಕ್ಸೊಲಾಟ್ಲ್ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಂಡು ತಿನ್ನುತ್ತದೆ; ಹರಳು ಒಳಗೆ ಹೋದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ತಳ ಖಾಲಿ ಬಿಡಿ, ಇಲ್ಲವೇ ನಯವಾದ ಮರಳು ಹಾಕಿ. ಒಂದಕ್ಕೆ ಕನಿಷ್ಠ 75 ಲೀಟರ್ ನೀರು ಬೇಕು. ಮೂರು ಫೂಟಿನ ಟ್ಯಾಂಕೂ ಥರ್ಮಾಮೀಟರೂ ಬಿಲ್ಲಿನಲ್ಲಿ ಇಲ್ಲದಿದ್ದರೆ ಮರಿಯನ್ನು ಕವರಿಗೆ ಹಾಕಿ ಕೊಡಲೇಬಾರದು. ಮಾರಾಟದ ಟಾರ್ಗೆಟ್ ಹಾಕುವವರಿಗೆ ಇದನ್ನು ಪ್ರತಿ ಫೆಬ್ರುವರಿಯಲ್ಲೂ ಹೇಳುತ್ತಿದ್ದೇನೆ.