ನಿಯಾನ್ ಟೆಟ್ರಾ ತರುವ ಮುಂಚೆ ನೀರು ಹಳೆಯದಾಗಲಿ

ಮೀನಿನ ಅಂಗಡಿಗೆ ಹೋದ ಮಕ್ಕಳು ಬೆರಳು ತೋರಿಸುವುದು ನಿಯಾನ್ ಟೆಟ್ರಾ ಕಡೆಗೇ. ಮೂರು ಸೆಂಟಿಮೀಟರ್ ಚಿಲ್ಲರೆ ಉದ್ದದ ಮೀನು. ಮೈಯುದ್ದಕ್ಕೂ ಹೊಳೆಯುವ ನೀಲಿ ಗೆರೆ, ಅದರ ಕೆಳಗೆ ಹಿಂದಿನ ಅರ್ಧಕ್ಕೆ ಮಾತ್ರ ಕೆಂಪು. ಕೆಂಪು ತಲೆಯವರೆಗೂ ಇದ್ದರೆ ಅದು ಕಾರ್ಡಿನಲ್ ಟೆಟ್ರಾ, ಬೆಲೆ ಸ್ವಲ್ಪ ಜಾಸ್ತಿ. ನಿಯಾನ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಹೊಸ ಟ್ಯಾಂಕ್ ಕೊಂಡವರಿಗೆ ಅದೇ ದಿನ ಕವರ್‌ನಲ್ಲಿ ತುಂಬಿಸಿ ಕೊಟ್ಟುಬಿಡುತ್ತಾರೆ. ವಾರ ಕಳೆಯುವುದರೊಳಗೆ ಒಂದೊಂದೇ ಸಾಯುತ್ತವೆ. ಆಮೇಲೆ ಎಲ್ಲರೂ ಹೇಳುವುದು "ಅದು ತುಂಬಾ ಸೂಕ್ಷ್ಮ ಮೀನು ಕಣ್ರೀ" ಅಂತ. ಇದನ್ನು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಹೆಚ್ಚಿನ ಕಡೆ ಅವು ಸಾಯುವುದು ಹೊಸ ನೀರಿನಿಂದ.

ಮೀನಿನ ಹೇಲು, ತಿನ್ನದೆ ಉಳಿದ ಆಹಾರ, ಮೀನಿನ ಉಸಿರಾಟ, ಎಲ್ಲದರಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಬಂದು ನೈಟ್ರೇಟ್ ಮಾಡಿದ ಮೇಲೆ ಮೀನಿಗೆ ತಡೆದುಕೊಳ್ಳುವ ಮಟ್ಟಕ್ಕೆ ಬರುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರ್ ಸ್ಪಂಜಿನಲ್ಲಿ, ಕಲ್ಲು ಮರಳಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಟ್ಯಾಂಕ್ ಮೀನಿಲ್ಲದೆ ಓಡಲಿ. ಫಿಲ್ಟರ್ ಹಾಕಿಡಿ, ಗಿಡ ನೆಡಿ, ಚಿಟಿಕೆ ಮೀನಿನ ಆಹಾರ ಉದುರಿಸಿ ಕೊಳೆಯಲು ಬಿಡಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾಗೆ ಊಟ ಎಲ್ಲಿಂದ ಬರಬೇಕು ಅಲ್ವಾ? ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ 0 ತೋರಿಸಿ ನೈಟ್ರೇಟ್ ಕಾಣಿಸಿಕೊಂಡರೆ ಟ್ಯಾಂಕ್ ತಯಾರು. ನಿಯಾನ್‌ಗೆ ಅದಕ್ಕಿಂತ ಇನ್ನೂ ಸ್ವಲ್ಪ ದಿನ ಕಾಯುವುದು ಒಳ್ಳೆಯದು.

ನಮ್ಮಲ್ಲಿ ಇನ್ನೊಂದು ಅಭ್ಯಾಸ ಇದೆ. ಭಾನುವಾರ ಬಂದರೆ ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರೆಲ್ಲ ಚೆಲ್ಲಿ, ಕಲ್ಲು, ಸ್ಪಂಜು ಎಲ್ಲವನ್ನೂ ನಲ್ಲಿ ಕೆಳಗೆ ಉಜ್ಜಿ ಉಜ್ಜಿ ತೊಳೆದು ಫಳಫಳ ಮಾಡುವುದು. ದಯವಿಟ್ಟು ಬೇಡ. ಕ್ಲೋರಿನ್ ನೀರು ಬಿದ್ದರೆ ಇಷ್ಟು ದಿನ ಬೆಳೆಸಿದ ಬ್ಯಾಕ್ಟೀರಿಯಾ ಸಾಯುತ್ತದೆ, ಟ್ಯಾಂಕ್ ಮತ್ತೆ ಹೊಸದೇ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಆಂಟಿ-ಕ್ಲೋರಿನ್ ಹಾಕಿದ ನೀರನ್ನು ನಿಧಾನಕ್ಕೆ ಸುರಿದರೆ ಸಾಕು. ಸ್ಪಂಜನ್ನು ಟ್ಯಾಂಕಿನಿಂದ ಹೊರತೆಗೆದ ಆ ಹಳೇ ನೀರಿನಲ್ಲೇ ಹಿಂಡಿ.

ನಿಯಾನ್‌ಗಳ ಊರು ಪೆರು, ಕೊಲಂಬಿಯಾ, ಬ್ರೆಜಿಲ್ ಕಡೆಯ ಅಮೆಜಾನ್ ಮೇಲ್ದಂಡೆ. ಅಲ್ಲಿನ ಕಾಡಿನ ತೊರೆಗಳಲ್ಲಿ ಎಲೆ ಕೊಳೆತು ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ, ಲವಣ ಕಮ್ಮಿಯಿದ್ದು ಮೆದುವಾಗಿರುತ್ತದೆ, ಸ್ವಲ್ಪ ಹುಳಿ ಕೂಡ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಫಾರ್ಮ್‌ನಲ್ಲಿ ಬೆಳೆದವು, ಒಂಚೂರು ಹೊಂದಿಕೊಳ್ಳುತ್ತವೆ. ಆದರೂ ಬಕೆಟ್ ಮೇಲೆ ಬಿಳಿ ಉಪ್ಪು ಕಟ್ಟುವಂಥ ಬೋರ್‌ವೆಲ್ ನೀರಿಗೆ ನಿಯಾನ್ ಬಿಡಬೇಡಿ. ಒಂದೋ ಆರ್‌ಓ ನೀರು ಬೆರೆಸಿ, ಇಲ್ಲವೇ ಗಪ್ಪಿ ಸಾಕಿ. ಗಪ್ಪಿಗೆ ಗಡಸು ನೀರೇ ಇಷ್ಟ, ಬಣ್ಣಕ್ಕೂ ಕಮ್ಮಿ ಇಲ್ಲ. ಇನ್ನು ಹತ್ತಿರದಲ್ಲಿ ಬಾದಾಮಿ ಮರ ಇದ್ದರೆ ಅದರ ಒಣಗಿ ಉದುರಿದ ಎಲೆ ಚೆನ್ನಾಗಿ ತೊಳೆದು ಒಂದೆರಡು ಹಾಕಿ ನೋಡಿ, ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಮೀನುಗಳು ಅಂಜಿಕೆ ಬಿಟ್ಟು ಮುಂದೆ ಬರುತ್ತವೆ. ವಾಹನದ ಹೊಗೆ, ಔಷಧಿ ಸಿಂಪಡಣೆ ಇರುವ ಕಡೆಯ ಎಲೆ ಮಾತ್ರ ಬೇಡ.

ನೀರಿನ ಬಿಸಿ 22ರಿಂದ 26 ಡಿಗ್ರಿ ಇದ್ದರೆ ಆರಾಮ. ಬೆಂಗಳೂರು, ಮೈಸೂರಿನಲ್ಲಿ ಚಳಿಗಾಲದ ರಾತ್ರಿ ಬಿಟ್ಟರೆ ಹೀಟರ್ ಅಷ್ಟಾಗಿ ಬೇಕಾಗದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಂಪು ಮಾಡುವುದೇ ಚಿಂತೆ, ಟ್ಯಾಂಕಿನ ಮೇಲೆ ಫ್ಯಾನ್ ಗಾಳಿ ಬೀಳುವಂತೆ ಇಡಿ.

ಎರಡು ಮೂರು ತರಬೇಡಿ. ಗುಂಪಿನಲ್ಲೇ ಬದುಕುವ ಜೀವ ಅದು, ಎಂಟು ಹತ್ತಾದರೂ ಇರಲಿ, ಟ್ಯಾಂಕ್ ಎರಡಡಿ ಉದ್ದ ಇರಲಿ. ಏಂಜೆಲ್ ಮೀನಿನ ಜೊತೆ ಹಾಕಿದರೆ ಅದು ದೊಡ್ಡದಾದ ಮೇಲೆ ಇವನ್ನು ನುಂಗುತ್ತದೆ. ನಿಯಾನ್ ಬಾಯಿ ಚಿಕ್ಕದು, ಆಹಾರ ಪುಡಿ ಮಾಡಿ ಹಾಕಿ, ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ. ಬೆಳಗ್ಗೆ ಲೈಟ್ ಹಾಕಿದಾಗ ಬಣ್ಣ ಮಾಸಿ ಕಂಡರೆ ಗಾಬರಿ ಬೇಡ. ಕತ್ತಲಲ್ಲಿ ನೀಲಿ ಗೆರೆ ಮಂಕಾಗುತ್ತದೆ, ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತದೆ.

ಗಾಬರಿಯಾಗಬೇಕಾದ್ದು ಬೇರೆ. ಹಗಲಲ್ಲೂ ಬಣ್ಣ ತೇಪೆ ತೇಪೆಯಾಗಿ ಬಿಳಿಚಿ, ಬೆನ್ನು ಡೊಂಕಾಗಿ, ಗುಂಪು ಬಿಟ್ಟು ಒಂಟಿಯಾಗಿ ತಿರುಗುತ್ತಿದ್ದರೆ ಅದು ನಿಯಾನ್ ಟೆಟ್ರಾ ರೋಗ ಇರಬಹುದು. ಪ್ಲೀಸ್ಟೋಫೋರಾ ಅನ್ನುವ ಪರಜೀವಿಯಿಂದ ಬರುವಂಥದ್ದು, ನಂಬಬಹುದಾದ ಔಷಧಿ ಇಲ್ಲ. ಅಂಥದ್ದನ್ನು ಕೂಡಲೇ ಬೇರೆ ಮಾಡಿ. ಸತ್ತದ್ದನ್ನು ತಕ್ಷಣ ತೆಗೆಯಿರಿ, ಉಳಿದವು ಕಿತ್ತು ತಿಂದರೆ ಅವಕ್ಕೂ ಅಂಟುತ್ತದೆ. ಅದಕ್ಕೇ ಹೊಸದಾಗಿ ತಂದವನ್ನು ಎರಡು ಮೂರು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಿ ಆಮೇಲೆ ಸೇರಿಸಿ. ಅಂಗಡಿಯ ಟ್ಯಾಂಕಿನಲ್ಲಿ ಒಂದೇ ಒಂದು ಸತ್ತ ನಿಯಾನ್ ತೇಲುತ್ತಿದ್ದರೂ ಅವತ್ತು ಅಲ್ಲಿಂದ ಏನೂ ತರಬೇಡಿ.